ಅಕ್ಕ ಹಳೆಯ ಕೀಲಿಗಳನ್ನು ಬೇಡವೆಂದದ್ದು

ಮುದ್ರಣಾಲಯದ ಆ ಪತ್ರ ಬಂದದ್ದು ಸೋಮವಾರವೆಂದು ಅಕ್ಕ ಹೇಳುತ್ತಾಳೆ. ಅಂದು ಅವಳು ಒಪ್ಪತ್ತಿನ ಉಪವಾಸವಿದ್ದಳಂತೆ. ನನ್ನ ದಿನಚರಿಯಲ್ಲಿ ಮಂಗಳವಾರವೆಂದಿದೆ. ಇದನ್ನು ಬರೆಯಲು ಕುಳಿತಾಗ ಮೂಲ ಮಿಂಚಂಚೆಯನ್ನೇ ತೆಗೆದು ನೋಡಿದೆ. ಬಂದದ್ದು ಸೋಮವಾರ ಸಂಜೆ. ಅಕ್ಕನ ಫೋನಿಗೂ ಒಂದು ಪ್ರತಿ ಹೋಗಿತ್ತು. ಅವಳು ಅಂದೇ ಓದಿದ್ದಳು, ನಾನು ಓದಿದ್ದು ಮರುದಿನ. ಪತ್ರದಲ್ಲಿದ್ದುದು ಎರಡೇ ವಾಕ್ಯ. ಪಠ್ಯ ತಿದ್ದುವ ತಂತ್ರಾಂಶದ ಹೊಸ ಆವೃತ್ತಿಯನ್ನು ನಮ್ಮಲ್ಲಿ ಹಾಕಿಕೊಂಡಿದ್ದೇವೆ, ತಾವೂ ಅದನ್ನೇ ಹಾಕಿಕೊಳ್ಳಬೇಕು. ಪುಸ್ತಕದ ಕೊನೆಯ ಕಡತ ದೀಪಾವಳಿಗೆ ಮುನ್ನ ನಮ್ಮ ಕೈ ಸೇರಬೇಕು.

ಪುಸ್ತಕವೆಂದರೆ, ಬೆಂಗಳೂರಿನ ಪೂರ್ವ ಸೀಮೆಯ ಕೆರೆಗಳಿಗೆ ಸಂಬಂಧಿಸಿದ ಶಾಸನಗಳ ಕಾಲಾನುಕ್ರಮಣಿಕೆ. ಶಾಸನ ಸಂಶೋಧನೆಯ ನೌಕರಿಯಿಂದ ನಿವೃತ್ತನಾದ ಮೇಲೆ ನಾನು ಕೈಗೆತ್ತಿಕೊಂಡ ಕೆಲಸ ಅದೊಂದೇ. ಒಂದು ಶಾಸನಕ್ಕೆ ಒಂದು ಸಾಲು: ಊರು, ಕೆರೆ, ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರ, ಮತ್ತು ಇವೆಲ್ಲ ಪರಸ್ಪರ ತಾಳೆಯಾಗುತ್ತವೆಯೇ ಎಂಬ ಗುರುತು. ಶಕವರ್ಷದಿಂದ ಲೆಕ್ಕ ಹಾಕಿದರೆ ಒಂದು ಸಂವತ್ಸರ, ಕಲ್ಲಿನ ಮೇಲೆ ಕೊರೆದಿರುವುದು ಇನ್ನೊಂದು, ಹೀಗಾಗುವುದುಂಟು. ಅಂಥ ಕಡೆ ಒಂದು ಅಂಕಿ ಅತ್ತಿತ್ತ ಸರಿದರೂ ನಾನು ಪಟ್ಟ ಶ್ರಮವೆಲ್ಲ ಸುಳ್ಳಾಗುತ್ತದೆ.

ನನ್ನ ಬಲಗೈ ನಡುಗತೊಡಗಿದಂದಿನಿಂದ ಬೆರಳಚ್ಚು ಅಕ್ಕನ ಪಾಲಿಗೆ ಬಂದಿತು. ಅವಳು ನನಗಿಂತ ಎಂಟು ವರ್ಷ ಹಿರಿಯಳು. ನಾವು ಗದಗಿನ ಕಡೆಯವರು. ಈಗ ಹೂಡಿಯ ಒಂದೇ ಅಪಾರ್ಟ್‌ಮೆಂಟಿನಲ್ಲಿ ನನ್ನದು ಮೂರನೆಯ ಮಹಡಿ, ಅವಳದು ಐದನೆಯದು. ದುಡಿಯುವ ಕಾಲದಲ್ಲಿ ಅಕ್ಕ ತಂತಿ ಕಚೇರಿಯಲ್ಲಿದ್ದಳು. ಕಟ್ಟ-ಕಡಕಟ್ಟ ಎಂದು ಸದ್ದು ಮಾಡುವ ಮೋರ್ಸ್ ಯಂತ್ರದಲ್ಲಿ ಆರಂಭಿಸಿ, ಟೆಲಿಪ್ರಿಂಟರು ಕಲಿತು, ಕೊನೆಗೆ ಕಂಪ್ಯೂಟರಿನ ಮುಂದೆ ಕುಳಿತು ನಿವೃತ್ತಳಾದವಳು. ಯಾವ ಯಂತ್ರ ಯಾವ ಇಸವಿಯಲ್ಲಿ ಬಂತೆಂಬುದನ್ನು ಇಲ್ಲಿ ಬರೆಯುತ್ತಿಲ್ಲ. ಅವಳ ಸೇವಾಪುಸ್ತಕ ಹೇಳುವುದು ಒಂದು, ಅವಳು ಹೇಳುವುದು ಒಂದು. ಮೂರನೆಯ ಆಧಾರ ನನಗೆ ಇನ್ನೂ ದೊರೆತಿಲ್ಲ.

ಬೆಳಿಗ್ಗೆ ಹತ್ತಕ್ಕೆ ಅವಳು ಲಿಫ್ಟಿನಲ್ಲಿ ಇಳಿದು ಬಂದು, ಕೈ ತೊಳೆದು ಒರೆಸಿಕೊಂಡು ಕುಳಿತರೆ ಏಳುತ್ತಿದ್ದುದು ಒಂದು ಗಂಟೆಗೆ. ರಜೆ ಬೇಕಾದರೆ ಹಿಂದಿನ ದಿನವೇ ಹೇಳುತ್ತಿದ್ದಳು. ಏಳು ವರ್ಷ ಹೀಗೆಯೇ ನಡೆಯಿತು. ಅನುಕ್ರಮಣಿಕೆಯ ಸಾಲುಗಳನ್ನು ಅವಳು ಸಾಲು ಎನ್ನುತ್ತಿರಲಿಲ್ಲ, ಕಲ್ಲು ಎನ್ನುತ್ತಿದ್ದಳು. ಇಂದು ಹನ್ನೆರಡು ಕಲ್ಲು ಇಟ್ಟೆ, ನಾಳೆ ಹದಿನೈದು ಇಡುತ್ತೇನೆ, ಹೀಗೆ. ಅವಳ ವೇಗದ ಗುಟ್ಟು ಸರಳವಾದದ್ದು. ಮುಗಿದ ಸಾಲಿನ ಮೇಲೆ ನಿಂತು ಕಂಟ್ರೋಲ್ ಮತ್ತು ಡಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅದರ ನಕಲೊಂದು ಕೆಳಗೆ ಮೂಡುತ್ತಿತ್ತು. ಅದರಲ್ಲಿ ಬದಲಾಗಬೇಕಾದ ಊರು, ಅಂಕಿಗಳನ್ನಷ್ಟೇ ತಿದ್ದುತ್ತಿದ್ದಳು. ಇಂಥ ಹತ್ತಾರು ಕೀಲಿಜೋಡಿಗಳು ಅವಳ ಬೆರಳಿನಲ್ಲಿದ್ದವು. ಮೌಸನ್ನು ಮುಟ್ಟುತ್ತಿದ್ದುದು ಧೂಳು ಒರೆಸುವಾಗ ಮಾತ್ರ.

ಹೊಸ ಆವೃತ್ತಿಯನ್ನು ಹಾಕಿಕೊಟ್ಟವಳು ಎದುರು ಮನೆಯ ಹೆಣ್ಣುಮಗಳು. ಬೆಳ್ಳಂದೂರಿನ ಟೆಕ್ ಪಾರ್ಕಿನಲ್ಲಿ ಅವಳಿಗೆ ಕೆಲಸ, ವಾರಕ್ಕೆರಡು ದಿನ ಮನೆಯಿಂದಲೇ ದುಡಿಯುತ್ತಾಳೆ. ಅವಳು ಹಾಕಿಕೊಟ್ಟು ಹೋದ ಮೇಲೆ ಅಕ್ಕ ಎಂದಿನಂತೆ ಕುಳಿತಳು. ಒಂದು ಸಾಲು ಮುಗಿಸಿ ಕಂಟ್ರೋಲ್ ಮತ್ತು ಡಿ ಒತ್ತಿದಳು. ನಕಲು ಮೂಡಲಿಲ್ಲ, ಇದ್ದ ಸಾಲೇ ಮಾಯವಾಯಿತು.

“ಅಲ್ಲೋ ತಮ್ಮಾ, ಕಲ್ಲು ಎಲ್ಲಿ ಹೋತೋ?”

ಹೊಸ ಆವೃತ್ತಿಯಲ್ಲಿ ಆ ಕೀಲಿಜೋಡಿ ಸಾಲನ್ನು ಅಳಿಸುತ್ತಿತ್ತು. ಅಳಿಸಿದ್ದನ್ನು ಮರಳಿ ತರುವ ಕೀಲಿ ಮಾತ್ರ ಬದಲಾಗಿರಲಿಲ್ಲವಾದ್ದರಿಂದ ಆ ಸಾಲು ಉಳಿಯಿತು. ಆದರೆ ಅಕ್ಕನ ಬೆರಳುಗಳು ಅವಳನ್ನು ಕೇಳಿ ಓಡುತ್ತಿದ್ದವುಗಳಲ್ಲ. ಆ ಬೆಳಿಗ್ಗೆ ಅವು ನಾಲ್ಕು ಬಾರಿ ಸಾಲು ಅಳಿಸಿದವು. ಮೂರನ್ನು ಅವಳು ತಕ್ಷಣ ಗಮನಿಸಿದಳು, ನಾಲ್ಕನೆಯದನ್ನು ನಾನು ನನ್ನ ಶಾಸನ ಟಿಪ್ಪಣಿಗಳೊಡನೆ ಹೋಲಿಸಿ ಕಂಡುಹಿಡಿದೆ. ನನಗೆ ಭಯವಾದದ್ದು ಆಗ. ಮಾಯವಾದ ಸಾಲು ಕುರುಹು ಉಳಿಸುವುದಿಲ್ಲ; ಕಲ್ಲೊಂದು ಪುಸ್ತಕದಿಂದ ಬಿಟ್ಟುಹೋದರೆ ಓದುಗನಿಗೆ ಅಂಥ ಕಲ್ಲು ಇತ್ತೆಂದೇ ತಿಳಿಯುವುದಿಲ್ಲ.

ಸಂಜೆ ಎದುರು ಮನೆಯವಳು ಕೇಳಿ ನಕ್ಕಳು. “ಅಯ್ಯೋ ಆಂಟಿ, ಇಷ್ಟೇನಾ! ಸೆಟ್ಟಿಂಗ್ಸ್‌ನಲ್ಲಿ ಹಳೇ ಶಾರ್ಟ್‌ಕಟ್ಸ್ ಅಂತ ಒಂದು ಆಪ್ಷನ್ ಇದೆ. ಎರಡು ನಿಮಿಷ ಕೊಡಿ, ಎಲ್ಲಾ ಮೊದಲಿನ ಥರಾನೇ ಮಾಡ್ಕೊಟ್ಬಿಡ್ತೀನಿ.”

“ಬ್ಯಾಡವಾ” ಎಂದಳು ಅಕ್ಕ. “ಹೊಸಾದ ಕಲೀತೀನಿ.”

“ಯಾಕಾಂಟಿ ಸುಮ್ನೆ ತಲೆನೋವು? ನಮ್ಮ ಆಫೀಸಲ್ಲೂ ಅರ್ಧ ಜನ ಹಳೇದೇ ಇಟ್ಕೊಂಡಿದಾರೆ.”

“ಇಟ್ಟುಕೊಳ್ಳಲಿ ಬಿಡು. ನಿನ್ನ ಚಾ ಆರಾಕ್ಹತ್ತೈತಿ, ಕುಡಿ.”

ನನಗೆ ಅಕ್ಕನ ಹಟ ಅರ್ಥವಾಗಲಿಲ್ಲ. ಮರುದಿನ ಅವಳಿಗೆ ತಿಳಿಸದೆ ಹೂಡಿ ವೃತ್ತದ ಬಳಿಯ ಡಿ.ಟಿ.ಪಿ. ಅಂಗಡಿಗೆ ಹೋಗಿ, ಕೊನೆಯ ಅಧ್ಯಾಯವನ್ನು ಅವರು ಮುಗಿಸಿಕೊಡಬಲ್ಲರೇ ಎಂದು ವಿಚಾರಿಸಿದೆ. ಒಪ್ಪಿದರು. ಹೇಳಿ ಕಳುಹಿಸುತ್ತೇನೆ ಎಂದು ಬಂದೆ. ಈ ಮಾತನ್ನು ದಾಖಲಿಸಲು ನಾಚಿಕೆಯಾಗುತ್ತದೆ, ಆದರೂ ದಿನಚರಿಯಲ್ಲಿದೆ.

ಅಕ್ಕನ ಕಲಿಕೆಗೆ ಅವಳದೇ ಕ್ರಮವಿತ್ತು. ತಂತಿ ಕಚೇರಿಯ ತರಬೇತಿಯಲ್ಲಿ ಹೊಸಬರಿಗೆ ತಂತಿಯನ್ನು ಮುಟ್ಟಗೊಡುತ್ತಿರಲಿಲ್ಲವಂತೆ. ಯಾವುದಕ್ಕೂ ಜೋಡಿಸದ ಯಂತ್ರದ ಮೇಲೆ ಕೈ ಪಳಗಬೇಕು, ಬೇರೆಯವರ ಸುದ್ದಿ ಕೆಡಬಾರದು. ಹಾಗಾಗಿ ಅಟ್ಟದ ಮೇಲಿದ್ದ ಹಳೆಯ ಕೀಲಿಮಣೆಯೊಂದನ್ನು ಒರೆಸಿ ಊಟದ ಮೇಜಿನ ಮೇಲಿಟ್ಟಳು. ಅದರ ವೈರು ಎಲ್ಲಿಗೂ ಹೋಗಿರಲಿಲ್ಲ. ಪಟ್ಟಿ ತಯಾರಿಸುವ ಕೆಲಸ ನನ್ನದು. ಮೂರು ಅಂಕಣ ಎಳೆದೆ: ಕೆಲಸ, ಹಳೆಯ ಕೀಲಿ, ಹೊಸ ಕೀಲಿ. ತಂತ್ರಾಂಶದವರ ಸಹಾಯಪುಟದಿಂದ ಪ್ರತಿಯೊಂದನ್ನೂ ಎರಡು ಸಲ ಓದಿ ಬರೆದುಕೊಂಡೆ. ಹೊಸ ಆವೃತ್ತಿ ಬಿಡುಗಡೆಯಾದ ದಿನಾಂಕವನ್ನು ಮೂರು ಕಡೆ ನೋಡಿ ತಾಳೆ ಮಾಡಿ ಪಟ್ಟಿಯ ತಲೆಯ ಮೇಲೆ ಬರೆದೆ.

ಎಂಟು ದಿನ ಪಾಠ ನಡೆಯಿತು. ನಾನು ಕೂಗಬೇಕು, ಅವಳು ಒತ್ತಬೇಕು, ಬೆರಳು ಸರಿಯಾದ ಕಡೆ ಬಿತ್ತೇ ಎಂದು ನಾನು ಪಟ್ಟಿ ನೋಡಿ ಹೇಳಬೇಕು.

“ಸಾಲು ನಕಲು.”

“ಆತು.”

“ಸಾಲು ಮೇಲಕ್ಕೆ.”

“ಆತು. ಎಷ್ಟು ಮೆಲ್ಲಕ ಒದರ್ತಿಯೋ ತಮ್ಮಾ! ಟಪಾಲು ಎತ್ತಿನ ಗಾಡಿಯೊಳಗ ಬಂದಂಗ ಆತು.”

“ಹುಡುಕು. ಬದಲಿಸು. ಸಾಲು ನಕಲು.”

“ಹಾಂ, ಹಿಂಗ. ಈಗ ಬಂದೀ ನೋಡು ದಾರಿಗೆ.”

ಎಂಟನೆಯ ದಿನ ನಾನು ಕೂಗುವುದು ಮುಗಿಯುವ ಮೊದಲೇ ಬೆರಳು ಬಿದ್ದಿರುತ್ತಿತ್ತು. ಒಂಬತ್ತನೆಯ ಬೆಳಿಗ್ಗೆ ಅಕ್ಕ ಕಂಪ್ಯೂಟರಿನ ಮುಂದೆ ಕುಳಿತು, ಒಂದು ಸಾಲು ಮುಗಿಸಿ, ಕಲಿತಂತೆ ಕಂಟ್ರೋಲ್, ಶಿಫ್ಟ್ ಮತ್ತು ಡಿ ಒತ್ತಿದಳು. ಮುಗಿದ ಸಾಲು ಹೋಗಿ ಅದರ ಕೆಳಗಿನ ಸಾಲಿಗೆ ಅಂಟಿಕೊಂಡಿತು. ಒಂದು ಊರಿನ ಶಕವರ್ಷ, ಮತ್ತೊಂದು ಊರಿನ ಸಂವತ್ಸರ, ಎರಡೂ ಒಂದೇ ಉಸಿರಿನಲ್ಲಿ. ಮತ್ತೆ ಒತ್ತಿದಳು, ಮೂರನೆಯದೂ ಬಂದು ಸೇರಿತು. ಉಳಿದ ಕೀಲಿಗಳನ್ನು ಒಂದೊಂದಾಗಿ ನೋಡಿದೆವು. ಅರ್ಧಕ್ಕಿಂತ ಹೆಚ್ಚು ತಪ್ಪಿದ್ದವು.

ಅಂದು ಎದುರು ಮನೆಯವಳು ಮನೆಯಲ್ಲಿಯೇ ಇದ್ದಳು. ಬಂದು, ನನ್ನ ಪಟ್ಟಿಯನ್ನೂ ಸಹಾಯಪುಟವನ್ನೂ ನೋಡಿದಳು. ಮೆಲ್ಲಗೆ ಹೇಳಿದಳು: “ಅಂಕಲ್, ಇದು ಟ್ರಯಲ್‌ಗೆ ಅಂತ ಮೊದಲು ಬಿಟ್ಟಿದ್ರಲ್ಲಾ, ಅದರ ಪೇಜು. ಆಮೇಲೆ ಕೀ ಎಲ್ಲಾ ಮತ್ತೆ ಚೇಂಜ್ ಮಾಡಿದಾರೆ. ಕೆಳಗಡೆ ಡೇಟ್ ಇದೆ, ನೋಡಿ.”

ನೋಡಿದೆ. ಪುಟದ ಬುಡದಲ್ಲಿ ಸಣ್ಣ ಅಕ್ಷರದಲ್ಲಿ ದಿನಾಂಕವಿತ್ತು. ನಾನು ಮೂರು ಕಡೆ ತಾಳೆ ಮಾಡಿದ್ದ ಬಿಡುಗಡೆಯ ದಿನಕ್ಕಿಂತ ಅದು ಹಿಂದಿನದು. ತಂತ್ರಾಂಶದ ದಿನಾಂಕವನ್ನು ಪರಿಶೀಲಿಸಿದ್ದೆ. ನಾನು ಓದುತ್ತಿದ್ದ ಕಾಗದದ ದಿನಾಂಕವನ್ನು ನೋಡಿರಲಿಲ್ಲ. ಕಿರಿಯ ಸಂಶೋಧಕರ ಪ್ರಬಂಧಗಳಲ್ಲಿ ಇದೇ ತಪ್ಪಿಗೆ ನಾನು ಕೆಂಪು ಗೆರೆ ಎಳೆದಿದ್ದೇನೆ.

ಅಕ್ಕ ಕನ್ನಡಕ ತೆಗೆದು ನನ್ನನ್ನೇ ನೋಡಿದಳು. “ಹೊಯ್ಸಳರ ಕಾಲದ ಅಮಾಸಿ ಯಾವ ವಾರ ಬಿದ್ದಿತ್ತು ಅಂತ ಹೇಳಾಂವ ನೀ. ಮೊನ್ನಿ ಮೊನ್ನಿದು ಕಾಣಲಿಲ್ಲೇನೋ ನಿನಗ?” ಎಂದವಳೇ ನಗತೊಡಗಿದಳು. ಎದುರು ಮನೆಯವಳೂ ನಕ್ಕಳು. ನನಗೆ ನಗು ಬರಲಿಲ್ಲ. ದೀಪಾವಳಿಗೆ ಉಳಿದಿದ್ದುದು ಮೂರೇ ವಾರ.

ಎದುರು ಮನೆಯವಳು ಹೋದ ಮೇಲೆ ನಾನು ಅಕ್ಕನೊಡನೆ ನೇರವಾಗಿ ಮಾತನಾಡಿದೆ. ಹಳೆಯ ಕೀಲಿಗಳನ್ನು ತರಿಸಿಕೊಳ್ಳೋಣ, ಇಲ್ಲವಾದರೆ ಡಿ.ಟಿ.ಪಿ. ಅಂಗಡಿಗೆ ಕೊಡೋಣ, ನಾನಾಗಲೇ ವಿಚಾರಿಸಿ ಬಂದಿದ್ದೇನೆ ಎಂದೆ.

“ವಿಚಾರಿಸಿ ಬಂದೀ?” ಅವಳ ದನಿ ತಗ್ಗಿತು. “ಏಳು ವರ್ಷ ಕಲ್ಲು ಇಟ್ಟಾಕಿ ನಾನು. ಕಡೀ ಕಲ್ಲು ಅವ ಇಡ್ತಾನೇನು?”

ನಾನು ತಪ್ಪು ಪಟ್ಟಿಯನ್ನು ಮಡಿಚಿಟ್ಟೆ. ಹಟದ ಕಾರಣವನ್ನು ಅವಳೇ ಹೇಳಿದಳು. ಅವಳ ಕಚೇರಿಗೆ ಟೆಲಿಪ್ರಿಂಟರು ಬಂದಾಗ, ಹಳೆಯ ಯಂತ್ರದಲ್ಲೇ ಉಳಿಯಬಯಸುವವರು ಉಳಿಯಬಹುದು ಎಂದಿದ್ದರಂತೆ. ಅಲ್ಲಿ ಎಲ್ಲರಿಗಿಂತ ಚುರುಕು ಕೈಯ ಹಿರಿಯರೊಬ್ಬರು ಉಳಿದರು. ಅಕ್ಕನಿಗೆ ಕೈ ಹಿಡಿದು ಕಲಿಸಿದವರು ಅವರೇ. “ಅವರ ಕೈ ಅಂದ್ರ ಮಳಿ ಹನಿ ತಗಡಿನ ಮ್ಯಾಲ ಬಿದ್ದಂಗ. ಯಾರೂ ಅವರಿಗೆ ಏನೂ ಅನ್ನಲಿಲ್ಲ. ಯಂತ್ರಕ್ಕ ಬರೋ ತಂತಿ ಕಡಿಮಿ ಆತು, ಆಮ್ಯಾಲ ನಿಂತಽ ಹೋತು. ಕಡೀ ಎರಡು ವರ್ಷ ಪಾಕೀಟು ಅಂಟಿಸಿಕೋತ ಕುಂತಿದ್ರು. ಹಳೇದು ಇಟ್ಟುಕೊಳ್ರಿ ಅಂತ ಪ್ರೀತಿಲೇ ಅಂತಾರೋ ತಮ್ಮಾ. ಆಮ್ಯಾಲ ನಮ್ಮ ಕಡೆ ಯಾರೂ ಬರಂಗಿಲ್ಲ.”

ಕರಾರನ್ನೂ ಅವಳೇ ಹಾಕಿದಳು. “ಹತ್ತು ದಿನ ಕೊಡು. ಆಗಲಿಲ್ಲ ಅಂದ್ರ ನಾನ ಕಡತ ಒಯ್ದು ಆ ಅಂಗಡಿಯವನ ಕೈಯಾಗ ಇಡ್ತೀನಿ.”

ಆ ಹತ್ತು ದಿನಗಳಲ್ಲಿ ನಾನು ಕಂಡದ್ದನ್ನು ಕಲಿಕೆಯೆನ್ನುವುದಕ್ಕಿಂತ ಮರೆವಿನ ಅಭ್ಯಾಸವೆನ್ನಬೇಕು. ಅವಳ ಕೈಯಲ್ಲೀಗ ಎರಡು ಪದರದ ತಪ್ಪುಗಳಿದ್ದವು: ಏಳು ವರ್ಷದ ಹಳೆಯದು, ಅದರ ಮೇಲೆ ನಾನು ಹೇರಿದ ಎಂಟು ದಿನದ್ದು. ಸರಿಯಾದ ಪುಟದಿಂದ ನಾನು ಪಟ್ಟಿಯನ್ನು ಮತ್ತೆ ಬರೆದೆ. ಈ ಸಲ ಅವಳು ಕೊನೆಯ ಅಧ್ಯಾಯವನ್ನು ಕಂಪ್ಯೂಟರಿನಲ್ಲಿ ಬೆರಳಚ್ಚಿಸುತ್ತಲೇ ಕಲಿತಳು, ಎಲ್ಲ ಕೀಲಿಗಳನ್ನೂ ಒಟ್ಟಿಗೆ ಹಿಡಿಯಲಿಲ್ಲ. ಮೊದಲ ದಿನ ಸಾಲು ನಕಲಿಸುವುದೊಂದೇ. ಆಲ್ಟ್, ಶಿಫ್ಟ್ ಮತ್ತು ಕೆಳಬಾಣ. ಬೆರಳು ಡಿ ಕಡೆಗೆ ಹೊರಟರೆ ಒತ್ತುವ ಮುನ್ನವೇ ನಿಲ್ಲಿಸುತ್ತಿದ್ದಳು. ಎರಡೂ ಕೈಗಳನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದಳು. ಸಿಟ್ಟಿಲ್ಲ, ನಿಟ್ಟುಸಿರಿಲ್ಲ. ಒಂದು ಗುಟುಕು ನೀರು ಕುಡಿದು ಮತ್ತೆ ಅದೇ ಸಾಲಿನ ಮೊದಲಿನಿಂದ ಆರಂಭ. ಬೈಯಬಾರದು, ಬೈದರೆ ಬೆರಳು ಹೆದರಿ ಹಳೆಯ ಮನೆಗೇ ಓಡುತ್ತದೆ ಎನ್ನುತ್ತಿದ್ದಳು.

ಕೈ ಮಡಿಲಿಗಿಳಿದಾಗಲೆಲ್ಲ ನಾನು ಒಂದು ಗೀಟು ಹಾಕುತ್ತಿದ್ದೆ. ಮೊದಲ ದಿನದ ಗೀಟುಗಳು ಹಾಳೆಯ ಅಂಚಿನವರೆಗೂ ಹೋಗಿವೆ. ಐದನೆಯ ದಿನ ಅರ್ಧ ಸಾಲು. ಎಂಟನೆಯ ದಿನ ಎರಡು. ನನ್ನ ಕೆಲಸದ ಬದುಕಿನಲ್ಲಿ ದೊಡ್ಡ ವಿದ್ವಾಂಸರನ್ನು ಹತ್ತಿರದಿಂದ ಕಂಡಿದ್ದೇನೆ. ತಾವು ಒಮ್ಮೆ ನಿಶ್ಚಯಿಸಿದ ತೇದಿ ತಪ್ಪೆಂದು ಹೊಸ ಕಲ್ಲೊಂದು ಹೇಳಿದಾಗ ಅದನ್ನು ಕೈಬಿಟ್ಟವರು ಅವರಲ್ಲಿ ಕಡಿಮೆ. ನಾನೂ ಹಲವು ಸಲ ಬಿಟ್ಟಿಲ್ಲ. ಬಲ್ಲದ್ದನ್ನು ಇಷ್ಟು ಶಾಂತವಾಗಿ ಬಿಟ್ಟುಕೊಡುವ ಕೈಗಳನ್ನು ನಾನು ನೋಡಿದ್ದು ನನ್ನ ಮನೆಯಲ್ಲಿ, ಎಪ್ಪತ್ತು ದಾಟಿದವಳೊಬ್ಬಳಲ್ಲಿ.

ಹತ್ತನೆಯ ದಿನ ಕೊನೆಯ ಅಧ್ಯಾಯದ ಕೊನೆಯ ಕಲ್ಲು ಕುಳಿತಿತು. ಇಡೀ ಕಡತವನ್ನು ನನ್ನ ಟಿಪ್ಪಣಿಗಳೊಡನೆ ಹೋಲಿಸಿದೆ. ಒಂದು ಸಾಲೂ ಕಾಣೆಯಾಗಿರಲಿಲ್ಲ. ಕಡತವನ್ನು ಮುದ್ರಣಾಲಯಕ್ಕೆ ಕಳುಹಿಸಿ, ಅಂಗಡಿಗೆ ಫೋನು ಮಾಡಿ ಬೇಡವೆಂದು ಹೇಳಿದೆ. ಅಕ್ಕ ಪಕ್ಕದಲ್ಲೇ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು, ತಲೆಯೆತ್ತಲಿಲ್ಲ.

ನಾಲ್ಕು ದಿನದ ನಂತರ ಮುದ್ರಣಾಲಯದವರು ಕರೆದರು. ಅವರು ಕಳುಹಿಸಿದ್ದ ಕರಡಿನಲ್ಲಿ ನಾನು ಗುರುತಿಸಿದ್ದ ತಿದ್ದುಪಡಿಗಳನ್ನು ಹಾಕುವಾಗ ಆಪರೇಟರಿಗೆ ಶಕವರ್ಷದ ಅಂಕಿಗಳು ಗೊಂದಲವಾಗುತ್ತಿವೆ, ಪಕ್ಕದಲ್ಲಿ ಕುಳಿತು ಹೇಳಿಕೊಡಬೇಕು. ಇಬ್ಬರೂ ಹೂಡಿಯಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಗಾಡಿ ಬದಲಿಸಿ ಪೀಣ್ಯಕ್ಕೆ ಹೋದೆವು. 

ಆಪರೇಟರು ನಡುವಯಸ್ಸಿನವರು, ಸೌಮ್ಯ ಸ್ವಭಾವದವರು. ನಾನು ಓದಿದೆ, ಅವರು ತಿದ್ದಿದರು. ಎರಡನೆಯ ತಿದ್ದುಪಡಿಯಲ್ಲಿಯೇ ಒಂದು ಕೆರೆಯ ವರ್ಷ ಇನ್ನೊಂದು ಕೆರೆಯ ಸಾಲಿಗೆ ಹೋಯಿತು.

“ಸ್ವಲ್ಪ ಏಳ್ತೀರೇನ್ರಿ?” ಎಂದಳು ಅಕ್ಕ.

ಅವರು ನನ್ನ ಮುಖ ನೋಡಿದರು. “ಅಮ್ಮ, ಇದು ನಮ್ ಸಿಸ್ಟಮ್ಮು. ನಿಮ್ಮನೇಲಿರೋ ಥರ ಹಳೇ ಸೆಟ್ಟಿಂಗ್ ಇರಲ್ಲ. ಎಲ್ಲಾ ಹೊಸಾ ಕೀನೇ. ನಮಗೇ ಇನ್ನೂ ಕೈ ಕೂತಿಲ್ಲ.”

“ನಮ್ಮನ್ಯಾಗೂ ಹೊಸಾವಽ ಅದಾವ್ರಿ” ಎಂದು ಅಕ್ಕ ಕುರ್ಚಿ ಎಳೆದುಕೊಂಡಳು.

ಕಡತ ಕಳುಹಿಸಿದ ಮೇಲೆ ನನಗೆ ಹೊಸದಾಗಿ ದೊರೆತ ಶಾಸನವೊಂದನ್ನು ಮೊದಲು ಸೇರಿಸಬೇಕಿತ್ತು. ಹಿಂದಿನ ಸಾಲಿನ ಮೇಲೆ ನಿಂತು ಅವಳು ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದಳು. ಸಾಲಿನ ಕೆಳಗೆ ಅದರ ನಕಲು ಬಂದು ನಿಂತಿತು. ಆಪರೇಟರು ಗೋಡೆಗೊರಗಿದ್ದವರು ಹತ್ತಿರ ಬಂದು ಬಗ್ಗಿ ನೋಡಿದರು. ಅಕ್ಕ ಆ ಕಡೆ ತಿರುಗಲಿಲ್ಲ.

“ಮುಂದಿಂದು ಓದೋ ತಮ್ಮಾ” ಎಂದಳು. ನಾನು ಓದಿದೆ.