ದಿನಕ್ಕೊಂದು ಹೆಜ್ಜೆ ದೂರದ ಸ್ಟೇಷನ್

ಮೊನ್ನೆ ಕೌದಿ ಹೊಲಿಸಲೆಂದು ಹಳೆಯ ಸೀರೆಗಳನ್ನು ಕಟ್ಟೆಯ ಮೇಲೆ ಹರವಿದ್ದೆ. ಒಂದು ನೂಲಿನ ಸೀರೆಯ ಸೆರಗಿನಲ್ಲಿ ಗಂಟೊಂದು ಬಿಗಿದುಕೊಂಡಿತ್ತು. ಉಗುರು ಹಾಕಿ ಬಿಡಿಸುತ್ತ ಕೂತವಳಿಗೆ ನಮ್ಮೂರ ಅಂಗನವಾಡಿಯ ಅಕ್ಕೋರು ಕಣ್ಣ ಮುಂದೆ ಬಂದರು...

ಯಲಬುರ್ಗಾದ ಕಡೆಯ ಊರು ನಮ್ಮದು. ಅಂಗನವಾಡಿ ಅಂದರೆ ಒಂದೇ ಕೋಣೆ, ಮುಂದೊಂದು ಬೇವಿನ ಗಿಡ. ಓಣಿ ದಾಟಿದರೆ ನನ್ನ ಸಾಲೆ. ನನಗಾಗ ಒಂಬತ್ತು ವರ್ಷ, ತಂಗಿಗೆ ಮೂರು ತುಂಬಿತ್ತು. ಅವ್ವ ಹೊತ್ತಿಗೆ ಮುಂಚೆ ಕಳೆ ತೆಗೆಯಲು ಹೋಗುವವಳು, ಹೀಗಾಗಿ ಕೂಸು ನನ್ನ ಪಾಲಿಗೆ. ಅದೋ ನನ್ನ ಲಂಗ ಕೈಬಿಟ್ಟರೆ ಓಣಿಯೇ ಎದ್ದು ಬರುವಂತೆ ಅಳುತ್ತಿತ್ತು. ಆಗಲೇ ನಾನು ಸಾಲೆ ತಪ್ಪಿಸಿ ಹದಿನೈದು ದಿನವಾಗಿತ್ತು.

"ಆಕಿ ಅಂಗನವಾಡ್ಯಾಗ ನಿಲ್ಲಲಿಲ್ಲಂದ್ರ ನೀ ಸಾಲಿ ಬಿಡಬೇಕಾಗತೈತಿ ನೋಡವಾ," ಎಂದಿದ್ದಳು ಅವ್ವ. ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

ಅಕ್ಕೋರ ಹತ್ತಿರ ಆಟದ ಸಾಮಾನು ಹೆಚ್ಚೇನೂ ಇರಲಿಲ್ಲ. ತಮ್ಮದೊಂದು ಹಳೆಯ ಸೀರೆಯನ್ನು ಹಗ್ಗದಂತೆ ಹೊಸೆದು ಮೊಳಕ್ಕೊಂದು ಗಂಟು ಹಾಕಿದ್ದರು. ಗಂಟಿಗೊಂದು ಕೂಸು. ಅದೇ ರೈಲು. ನಮ್ಮೂರ ಕೂಸುಗಳು ಯಾವುವೂ ಆಗ ರೈಲು ಕಂಡಿರಲಿಲ್ಲ. ಹಾಗಾಗಿ ಅದು ಒಮ್ಮೆ ಕೋಳಿಯ ಹಾಗೆ, ಒಮ್ಮೆ ಎಮ್ಮೆಯ ಹಾಗೆ ಕೂಗುತ್ತಿತ್ತು.

"ನೀ ಸ್ಟೇಷನ್ ಆಗು," ಎಂದರು ಅಕ್ಕೋರು ನನಗೆ.

"ಸ್ಟೇಷನ್ ಅಂದ್ರ ಏನ್ ಮಾಡಬೇಕ್ರಿ?"

"ಏನೂ ಮಾಡಬ್ಯಾಡ, ಸುಮ್ನ ನಿಂದ್ರು. ನಿನಗ ಅದೊಂದು ಬರಂಗಿಲ್ಲ."

ಮೊದಲ ದಿನ ಬೇವಿನ ಗಿಡದ ಬುಡಕ್ಕೆ ನಿಂತೆ. ಕೊನೆಯ ಗಂಟು ಹಿಡಿದ ತಂಗಿ ನನ್ನ ಮೇಲೇ ಕಣ್ಣಿಟ್ಟುಕೊಂಡು ಬಂದು, ಮುಟ್ಟಿ ಹೋದಳು. ಮರುದಿನ ಅಕ್ಕೋರು ಗಿಡದಿಂದ ಒಂದು ಹೆಜ್ಜೆ ಆಚೆ ಗೆರೆ ಎಳೆದು ನಿಲ್ಲಿಸಿದರು. ಅದರ ಮರುದಿನ ಇನ್ನೊಂದು ಹೆಜ್ಜೆ. ಹಾಗೇ ಬೇಲಿಯ ಹತ್ತಿರ, ಬೇಲಿಯ ಹೊರಗೆ, ಮೂಲೆಮನೆಯ ಕೊಟ್ಟಿಗೆಯ ಮುಂದೆ... ಈಗ ನೆನೆದರೆ ಬರೀ ಬಿಸಿಲು, ಕೆಂಧೂಳು, ಅದರಲ್ಲಿ ತೇಲಿಕೊಂಡು ಬರುವ ಪುಟ್ಟ ತಲೆಗಳು, ಎಲ್ಲಕ್ಕೂ ಮುಂದೆ ಅಕ್ಕೋರ ಎಣ್ಣೆ ಹಚ್ಚಿದ ತುರುಬು. ಅವರ ಮುಖಕ್ಕಿಂತ ಆ ತುರುಬೇ ನೆನಪಿದೆ...

ಕೊಟ್ಟಿಗೆಯ ಮುಂದೆ ನಿಂತ ದಿನ ತಂಗಿಯ ಅಳು ಕೇಳಿಸಿತು. ತಡೆಯಲಾಗದೆ ಓಡಿಹೋಗಿ ಎತ್ತಿಕೊಂಡುಬಿಟ್ಟೆ. ಅವಳು ನನ್ನ ಕೊರಳಿಗೆ ಬಿದ್ದವಳು ಅವತ್ತೆಲ್ಲ ಇಳಿಯಲಿಲ್ಲ.

ಅಕ್ಕೋರು ಬೈಯಲಿಲ್ಲ. "ಸ್ಟೇಷನ್ನ ಓಡಿ ಬಂದ್ರ ರೈಲು ಯಾಕ ಹೋದೀತವಾ? ನಾಳೆ ಮತ್ತ ಗಿಡದ ಬುಡಕ್ಕ ನಿಂದ್ರು," ಎಂದರು. ಮರುದಿನದಿಂದ ಮತ್ತೆ ಮೊದಲ ಗೆರೆ, ಮತ್ತೆ ಒಂದೊಂದೇ ಹೆಜ್ಜೆ. ನನಗೋ ಅವ್ವನ ಮಾತೇ ಕಿವಿಯಲ್ಲಿ. ಅವರಿಗೆ ಮಾತ್ರ ಯಾವ ಅವಸರವೂ ಇರಲಿಲ್ಲ.

ಕಡೆಗೊಂದು ದಿನ ಸ್ಟೇಷನ್ ನನ್ನ ಸಾಲೆಯ ಬಾಗಿಲಿಗೇ ಬಂತು. ರೈಲು ಓಣಿ ದಾಟಿ ಬಂತು. ತಂಗಿ ನನ್ನನ್ನು ಮುಟ್ಟಿದಳು, ಮುಂದಿನ ಹುಡುಗಿಗೆ ಏನೋ ಹೇಳಿ ನಕ್ಕಳು, ತಿರುಗಿ ನೋಡದೆ ಹೊರಟುಹೋದಳು. ಬಾಗಿಲಲ್ಲಿ ನಿಂತು ಬಿಕ್ಕಿ ಬಿಕ್ಕಿ ಅತ್ತವಳು ನಾನು. ಅಕ್ಕೋರು ಅಷ್ಟು ದೂರದಿಂದ ಕೈ ಬೀಸಿದರು, ಒಳಗೆ ಹೋಗು ಎಂದು. ಹೋದೆ.

ತಂಗಿ ಈಗ ಗಂಗಾವತಿಯಲ್ಲಿದ್ದಾಳೆ. ಫೋನ್ ಮಾಡಿ ಕೇಳಿದರೆ, "ಯಾವ ಅಕ್ಕೋರು? ನನಗ ಒಂದೀಟೂ ನೆನಪಿಲ್ಲ ಬಿಡಕ್ಕ. ಭಾಳ ಅಳ್ತಿದ್ದೆನೇನು?" ಎಂದಳು.

"ನೀ ಸುಮ್ಮನಾದಿ. ನಾ ಅತ್ತೆ," ಎಂದೆ.

ಊರಿಗೂ ಫೋನ್ ಮಾಡಿ ವಿಚಾರಿಸಿದೆ. ಅಕ್ಕೋರು ಕೆಲಸ ಬಿಟ್ಟ ಮೇಲೆ ಕುಷ್ಟಗಿಯಲ್ಲಿ ಮಗಳ ಮನೆಯಲ್ಲಿದ್ದರಂತೆ. ತೀರಿಕೊಂಡು ಎರಡು ವರ್ಷವಾಯಿತಂತೆ. ನನಗೆ ಗೊತ್ತಾದದ್ದು ಈಗ. ಕಚೇರಿಯ ಕೆಲಸದ ಮೇಲೆ ಎಷ್ಟು ಸಲ ಬಸ್ಸಿನಲ್ಲಿ ಕುಷ್ಟಗಿ ದಾಟಿ ಹೋಗಿದ್ದೇನೆ... ಒಂದು ಸಲ ಇಳಿದು, ಮನೆ ಕೇಳಿಕೊಂಡು ಹೋಗಿ, "ನಾ ಸಾಲಿ ಬಿಡಲಿಲ್ರಿ ಅಕ್ಕೋರ," ಎನ್ನಬಹುದಿತ್ತು. ಇಳಿಯಲಿಲ್ಲ.