ರೈಟರು ಹೇಳಿದ ‘ಬೇಡ’

ಇಡೀ ಕೊಡಗು ರಾಜ್ಯದಲ್ಲಿ ಇಂಗ್ಲೆಂಡಿಗೆ ಹೋಗಿ ಉಪವಾಸ ಬಿದ್ದು ಬಂದ ಮಹಾನುಭಾವರೆಂದರೆ ನಮ್ಮ ತೋಟದ ರೈಟರೊಬ್ಬರೇ. ಆಳುಗಳ ಹಾಜರಿ ಬರೆಯುತ್ತಿದ್ದ ಅವರನ್ನು ತೋಟದ ಬಿಳಿ ದೊರೆ ತನ್ನೂರಿಗೆ ಕರೆದೊಯ್ದಿದ್ದ. ಅಲ್ಲಿ ದೊರೆಯ ತಾಯಿ ಬಡಿಸಲು ಬಂದಾಗಲೆಲ್ಲ ಇವರು ನಮ್ಮೂರ ಮರ್ಯಾದೆಯಂತೆ ಮೊದಲು ಬೇಡವೆಂದರಂತೆ. ಆಕೆ ಪಾತ್ರೆ ಎತ್ತಿಕೊಂಡು ಹೋದಳಂತೆ.

“ಒಂದ್ಸಲ ಬೇಡ ಅಂದ್ರೆ ನಿಜವಾಗ್ಲೂ ಬೇಡ ಅಂತ ತಿಳ್ಕೊಳ್ಳೋ ಜನ ಮಾರಾಯ!” ಎಂದು ಈ ಕತೆ ಹೇಳುವಾಗಲೆಲ್ಲ ರೈಟರು ಹೊಟ್ಟೆ ಸವರಿಕೊಳ್ಳುವರು.

ಆ ಸವರಾಟವನ್ನು ನಾನು ಸಿದ್ದಾಪುರದ ಬಸ್ಸಿನಲ್ಲಿ ಎಲ್ಲರಿಗೂ ಮಾಡಿ ತೋರಿಸಿದೆ. ರೈಟರು ಹಿಂದಿನ ಸೀಟಿನಲ್ಲೇ ಇದ್ದರು. ಬೈಯಲಿಲ್ಲ, ಊಟಕ್ಕೆ ಕರೆದರು.

ಕಡುಬು, ಹಂದಿಸಾರು. ಎರಡು ಕಡುಬು ಮುಗಿದವು.

“ಇನ್ನೆರಡು ಹಾಕ್ಲಾ?”

ಹಸಿವಿತ್ತು, ಆದರೂ ಹಾಳು ಮರ್ಯಾದೆ. “ಬೇಡ ರೈಟ್ರೇ.”

“ಥ್ಯಾಂಕ್ಯೂ,” ಎಂದು ಪಾತ್ರೆ ಮುಚ್ಚಿದರು.

ನನ್ನ ಕೈ ತಾನಾಗಿ ಹೊಟ್ಟೆ ಸವರಿತು.

“ಹಾಂ, ಈಗ ಸರಿಯಾಗಿ ಬಂತು ನೋಡು!” ಎಂದರು.