ಕಂಬಳಿ ಗಂಟಿನಲ್ಲಿ ಬಂದ ತಿಗಣೆ

ಚಳ್ಳಕೆರೆ ಸೀಮೆಯಲ್ಲಿ ಮೂಗಮ್ಮನಷ್ಟು ಊರು ಸುತ್ತಿದ ಹೆಂಗಸರು ಕಡಿಮೆ. ಗಂಡ ಮುದ್ದಪ್ಪ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕಂಬಳಿ ನೇಯುತ್ತಿದ್ದ. ಅವನ್ನು ಗಂಟು ಕಟ್ಟಿ ಹೊತ್ತು ಹುಬ್ಬಳ್ಳಿ, ಗದಗ, ಸೊಲ್ಲಾಪುರದವರೆಗೂ ಹೋಗಿ ಮಾರಿ ಬರುವುದು ಇವಳ ಕೆಲಸ. ಇಪ್ಪತ್ತೆರಡು ವರ್ಷದ ತಿರುಗಾಟ. ಜೊತೆಗೆ ಯಾವಾಗಲೂ ಮುದ್ದಪ್ಪನ ಅಕ್ಕ ದೊಡ್ಡಕ್ಕ ಇರುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೇ ಬಂದು ನಿಂತ ಆಕೆಗೆ ಈಗ ಎಪ್ಪತ್ತು ದಾಟಿತ್ತು. ಗಿರಾಕಿಯ ಕೈಗೆ ಕಂಬಳಿ ಕೊಟ್ಟು ಸುಮ್ಮನೆ ನಿಲ್ಲಬೇಕು, ಉಣ್ಣೆಯೇ ಮಾತಾಡಿಕೊಳ್ಳುತ್ತದೆ ಎಂದು ಮೂಗಮ್ಮನಿಗೆ ವ್ಯಾಪಾರ ಕಲಿಸಿದವಳು ಅವಳೇ.

ಲಾಡ್ಜಿನ ರೂಮಿಗೆ ಕಾಲಿಟ್ಟರೆ ಮೂಗಮ್ಮನದು ಒಂದು ಕ್ರಮವಿತ್ತು. ಗಂಟನ್ನು ಮಂಚದ ಮೇಲೆ ಇಡುತ್ತಿರಲಿಲ್ಲ, ಬಚ್ಚಲಿನ ಒಣ ಜಾಗದಲ್ಲಿ ಇಡುತ್ತಿದ್ದಳು. ಆಮೇಲೆ ಹಾಸಿಗೆಯ ಮೂಲೆ ಎತ್ತಿ, ಹೊಲಿಗೆಯ ಉದ್ದಕ್ಕೂ ಉಗುರಾಡಿಸಿ, ಮಂಚದ ಸಂದುಗಳಿಗೆ ಮೊಬೈಲಿನ ಬೆಳಕು ಬಿಟ್ಟು ನೋಡುತ್ತಿದ್ದಳು. ಶಾಯಿಯ ಚುಕ್ಕೆಯಂಥ ಕಪ್ಪು ಕಲೆ ಕಂಡರೆ ಬೇರೆ ರೂಮು. ಅಲ್ಲೂ ಕಂಡರೆ ಬೇರೆ ಲಾಡ್ಜು. ರೂಮು ತೋರಿಸಲು ಬಂದವರು ನಗುತ್ತಿದ್ದರು, ಇವಳು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಕಂಬಳಿ ಮಾರುವವಳ ಗಂಟಿಗೆ ಒಂದು ತಿಗಣೆ ಹೊಕ್ಕರೆ ಹತ್ತು ಮನೆಗೆ ಹೊಕ್ಕ ಹಾಗೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಹೋದ ವರ್ಷ ಯುಗಾದಿಗೆ ಹತ್ತು ದಿನ ಮುಂಚೆ ಈ ಕ್ರಮ ತಪ್ಪಿತು. ಹುಬ್ಬಳ್ಳಿಯಲ್ಲಿ ಮಧ್ಯಾಹ್ನದ ಬಿಸಿಲಿಗೆ ದೊಡ್ಡಕ್ಕ ಜ್ವರ ಬಂದು ನಡುರಸ್ತೆಯಲ್ಲೇ ಕೂತುಬಿಟ್ಟಳು. ಮೂಗಮ್ಮ ಅವಳನ್ನು ಒಂದು ತೋಳಿನಲ್ಲಿ, ಗಂಟುಗಳನ್ನು ಇನ್ನೊಂದು ತೋಳಿನಲ್ಲಿ ಹಿಡಿದು ಎದುರಿಗೆ ಕಂಡ ಲಾಡ್ಜು ಹತ್ತಿದಳು. ನೋಡುವುದಕ್ಕೆ ಪುರುಸೊತ್ತಿರಲಿಲ್ಲ. ಮುದುಕಿಯನ್ನು ಮಂಚದ ಮೇಲೆ ಮಲಗಿಸಿ, ದಿಂಬು ತೀರಾ ತೆಳ್ಳಗಿದ್ದದ್ದರಿಂದ ಗಂಟನ್ನೇ ತಲೆಗೆ ಕೊಟ್ಟಳು. ಡಾಕ್ಟರಿಗೆ ತೋರಿಸಿ, ಮಾತ್ರೆ ನುಂಗಿಸಿ, ಎರಡು ದಿನ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಕೂತಳು. ಜ್ವರ ಇಳಿದ ಮೇಲೆ ಊರ ಕಡೆ ಹೊರಟರು.

ಚಳ್ಳಕೆರೆಯಲ್ಲಿ ಮುದ್ದಪ್ಪ ಕಾದಿದ್ದು ಅಕ್ಕನನ್ನೂ ಅವಳ ಗಂಟನ್ನೂ ಇಳಿಸಿಕೊಂಡ. ಮೂಗಮ್ಮ ಮೊಳಕಾಲ್ಮೂರಿನ ಬಸ್ಸು ಹತ್ತಿದಳು. ಅಲ್ಲಿ ಮಗಳು ಮಾಲತಿ ಇದ್ದಳು. ಬಾಣಂತನ ಮುಗಿಸಿ ಗಂಡನ ಮನೆಗೆ ಹೋಗಿ ಎರಡು ತಿಂಗಳಾಗಿತ್ತು, ಮೊಮ್ಮಗಳು ಈಗ ಬೋರಲು ಬೀಳುತ್ತಾಳೆ ಎಂದು ಫೋನಿನಲ್ಲಿ ಹೇಳಿದ್ದಳು.

ದಾರಿಯಲ್ಲಿ ತಳಕು ಊರು ದಾಟುವಾಗ ಮುಂಗೈ ಕೆರೆಯಿತು. ನೋಡಿದರೆ ಸಾಲಾಗಿ ಮೂರು ಕೆಂಪು ದದ್ದು. ಸೊಳ್ಳೆ ಹೀಗೆ ಸಾಲು ಹಿಡಿದು ಕಚ್ಚುವುದಿಲ್ಲ. ಮೂಗಮ್ಮನಿಗೆ ಹುಬ್ಬಳ್ಳಿಯ ಮಂಚ ನೆನಪಾಯಿತು. ಮೊಳಕಾಲ್ಮೂರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಒಂದು ಮೂಲೆಗೆ ಹೋಗಿ, ಗಂಟಿನ ಬಾಯಿ ಸ್ವಲ್ಪವೇ ಸಡಿಲಿಸಿ ಕಂಬಳಿಯ ಅಂಚು ಮಗುಚಿದಳು. ಮಸೂರ ಬೇಳೆಯಂಥ ಕೆಂಚು ಹುಳವೊಂದು ಸರಸರನೆ ಕತ್ತಲೆಯ ಕಡೆ ಸರಿಯಿತು.

ತಕ್ಷಣ ಗಂಡನಿಗೆ ಫೋನು ಮಾಡಿದಳು. "ಅಕ್ಕನ ಗಂಟು ಒಳಕ್ಕೆ ಒಯ್ಯಬ್ಯಾಡ. ಅಂಗಳದಾಗೇ ಇರ್ಲಿ, ನಾನು ಬರೋವರ್ಗೂ ಬಿಚ್ಚಬ್ಯಾಡ್ರಿ" ಎಂದಳು. ಎದುರಿಗೆ ಚಳ್ಳಕೆರೆಗೆ ವಾಪಸು ಹೋಗುವ ಬಸ್ಸು ನಿಂತಿತ್ತು. ಹತ್ತಿಬಿಡಲೇ ಎನಿಸಿತು. ಬೀಗರ ಮನೆಗೆ ತಿಗಣೆ ತಂದವಳು ಎನಿಸಿಕೊಳ್ಳುವುದಕ್ಕಿಂತ, ಮೈ ಸರಿಯಿಲ್ಲ ಎಂದು ಒಂದು ಸುಳ್ಳು ಹೇಳುವುದು ಸುಲಭ. ಆದರೆ ಮಗಳು ಬೆಳಿಗ್ಗೆಯಿಂದ ಮೂರು ಸಲ ಎಲ್ಲಿದ್ದೀ ಎಂದು ಕೇಳಿದ್ದಳು. ಬಸ್ಸು ಹೊರಟುಹೋಯಿತು. ಮೂಗಮ್ಮ ಗಂಟನ್ನು ಬಿಗಿದು ಕಟ್ಟಿ ನಡೆದಳು.

ಮನೆಯ ಮುಂದಿನ ಬೇವಿನ ಮರದ ಹತ್ತಿರವೇ ನಿಂತಳು. ಮಾಲತಿ ಕೂಸನ್ನು ಎತ್ತಿಕೊಂಡು ಓಡಿ ಬಂದಳು.

"ಹತ್ರ ಬರಬ್ಯಾಡ ಮಗ. ನನ್ನ ಗಂಟಿನಾಗೆ ತಿಗ್ಣೆ ಐತೆ."

ಮಾಲತಿ ಅಲ್ಲೇ ನಿಂತಳು. ಅವ್ವನ ಮುಖ ಯಾವತ್ತೂ ಹೀಗೆ ಸಣ್ಣದಾಗಿದ್ದನ್ನು ಅವಳು ನೋಡಿರಲಿಲ್ಲ. ಇಬ್ಬರ ನಡುವೆ ಹತ್ತು ಹೆಜ್ಜೆ. ಕೂಸು ಮಾತ್ರ ಅಜ್ಜಿಯನ್ನೇ ದಿಟ್ಟಿಸಿ ನೋಡುತ್ತಿತ್ತು. ಮೂಗಮ್ಮ ಸೆರಗಿನಿಂದ ಕಣ್ಣು ಒರೆಸಲು ಹೋಗಿ, ಸೆರಗಿನಲ್ಲೂ ಹುಳವಿದ್ದೀತೆಂದು ಕೈ ಬಿಟ್ಟಳು.

ಅಷ್ಟರಲ್ಲಿ ಒಳಗಿನಿಂದ ಬೀಗ ಕಾಮಣ್ಣ ಬಂದ. ಮಾಲತಿಯ ಮಾವನಾದ ಈತ ಸರ್ಕಾರಿ ಹಾಸ್ಟೆಲ್ಲಿನಲ್ಲಿ ಮೂವತ್ತು ವರ್ಷ ಅಡುಗೆ ಮಾಡಿ ನಿವೃತ್ತನಾದವನು, ಮಾತು ಕಡಿಮೆ. ಎಲ್ಲ ಕೇಳಿಸಿಕೊಂಡ, ನಗಲಿಲ್ಲ, ಮುಖವನ್ನೂ ಕಿವುಚಲಿಲ್ಲ.

"ಬೀಗ್ತೀ, ತಿಗ್ಣೆ ಮೈಯಾಗೆ ಮನೆ ಮಾಡಲ್ಲ. ಬಟ್ಟೆಯಾಗೆ, ಸಂದಿಯಾಗೆ ಇರ್ತೈತೆ ಅಷ್ಟೇಯ. ಸ್ನಾನ ಮಾಡಿ ಮಾಲತಿ ಸೀರೆ ಉಟ್ಕಂಡು ಮೊಮ್ಮಗಳನ್ನ ಎತ್ಕಳ್ರಿ. ಗಂಟು ನಂಗೆ ಬಿಡ್ರಿ" ಎಂದ.

ಹಿತ್ತಲ ಬಚ್ಚಲಿನಲ್ಲಿ ಮಾಲತಿ ನೀರು ಕಾಯಿಸಿ ಕೊಟ್ಟಳು. ಬಿಟ್ಟ ಸೀರೆ ಕುಪ್ಪಸಗಳು ನೇರ ಕುದಿಯುವ ಹಂಡೆಗೆ ಬಿದ್ದವು. ಮಗಳ ಹಳದಿ ಸೀರೆ ಉಟ್ಟು ಹೊರಬಂದ ಮೂಗಮ್ಮ ಇನ್ನೂ ಅನುಮಾನದಿಂದಲೇ ತೋಳು ಚಾಚಿದಳು. ಕೂಸು ಅವಳ ಒದ್ದೆ ಕೂದಲನ್ನು ಹಿಡಿದು ಬಾಯಿಗೆ ಹಾಕಿಕೊಂಡಿತು. ಆಗ ಅವಳಿಗೆ ಅಳು ತಡೆಯಲಾಗಲಿಲ್ಲ. ಮಾಲತಿಯೂ ಅತ್ತಳು, ಆಮೇಲೆ ಇಬ್ಬರೂ ಯಾಕೆ ಅತ್ತೆವೆಂದು ನಕ್ಕರು.

ಕಂಬಳಿಯನ್ನು ಕುದಿಸುವಂತಿಲ್ಲ, ಉಣ್ಣೆ ಮುದುಡಿಹೋಗುತ್ತದೆ. ಬಿಸಿಲಿಗೆ ಹರವೋಣ ಎಂದು ಮೂಗಮ್ಮ ಹೇಳಿದಳು. ಸುಮ್ಮನೆ ಹರವಿದರೆ ಹುಳ ನೆರಳಿನ ಮಗ್ಗುಲಿಗೆ ಹರಿದು ಬದುಕಿಕೊಳ್ಳುತ್ತದೆ ಎಂದು ಕಾಮಣ್ಣ ತಿಳಿಸಿದ; ಹಾಸ್ಟೆಲ್ಲಿನಲ್ಲಿ ಅವನು ಆ ತಪ್ಪನ್ನು ಎಷ್ಟೋ ವರ್ಷ ಮಾಡಿದ್ದನಂತೆ. ಔಷಧಿ ಹೊಡೆಯುವುದೂ ಬೇಡ, ಮನೆಯಲ್ಲಿ ಕೂಸಿದೆ ಎಂದ. ತನ್ನ ಮಗ, ಮಾಲತಿಯ ಗಂಡ ಲೋಹಿತನಿಗೆ ಹೇಳಿ ಹೊಲಕ್ಕೆ ಹಾಸುವ ಕಪ್ಪು ಪ್ಲಾಸ್ಟಿಕ್ ಹಾಳೆ ತರಿಸಿದ. ಒಂದೊಂದೇ ಕಂಬಳಿಯನ್ನು ಅದರಲ್ಲಿ ತೆಳ್ಳಗೆ ಮಡಿಸಿ, ಗಾಳಿಯಾಡದಂತೆ ಬಾಯಿ ಕಟ್ಟಿ, ಮನೆಯ ಹಿಂದಿನ ಬಂಡೆಯ ಮೇಲೆ ಇಟ್ಟರು. ಮಧ್ಯಾಹ್ನ ಆ ಬಂಡೆಯ ಮೇಲೆ ಬರಿಗಾಲು ಊರಲು ಆಗುತ್ತಿರಲಿಲ್ಲ. ದಿನಕ್ಕೆರಡು ಸಲ ಮಗುಚಿ ಹಾಕಿದರು. ಮೂರನೆಯ ದಿನ ಬಿಳಿ ಪಂಚೆಯ ಮೇಲೆ ಕೊಡವಿದಾಗ ಒಣಗಿದ ಹುಳಗಳು ಉದುರಿದವು. ಮೊಟ್ಟೆ ಉಳಿದಿದ್ದೀತೆಂದು ಕಾಮಣ್ಣ ಮತ್ತೆರಡು ದಿನ ಕಟ್ಟಿಸಿದ. ಕೊನೆಗೆ ಮೂಗಮ್ಮ ಬ್ರಷ್ಷು ಹಿಡಿದು ಅಂಚು ಅಂಚೂ ಉಜ್ಜಿದಳು, ಕೂಸು ಮಡಿಲಲ್ಲಿ ನಿದ್ದೆ ಮಾಡುತ್ತಿತ್ತು.

ಆರನೆಯ ದಿನ ದೊಡ್ಡಕ್ಕನ ಗಂಟಿಗೆಂದು ಮಿಕ್ಕ ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು ಊರಿಗೆ ಬಂದಳು. ದೊಡ್ಡಕ್ಕ ಜಗಲಿಯ ಮೇಲೆ ಒಂಟಿಯಾಗಿ ಕೂತಿದ್ದಳು. ಗಂಟು ಹೊರಗಿಡಿ ಎಂದ ಮಾತು ಅವಳ ಕಿವಿಗೆ ತಾನೂ ಹೊರಗಿರಬೇಕು ಎಂದು ಬಿದ್ದಿತ್ತು. ತಮ್ಮ ಎಷ್ಟು ಕರೆದರೂ ಒಳಗೆ ಹೋಗಿರಲಿಲ್ಲ, ಊಟವನ್ನೂ ಅಲ್ಲಿಗೇ ತರಿಸಿಕೊಂಡಿದ್ದಳಂತೆ.

"ನಂಗೆ ಜ್ವರ ಬರ್ದಿದ್ರೆ ನೀನು ಮಂಚ ನೋಡ್ತಿದ್ದೆ. ಇನ್ಮ್ಯಾಲೆ ನಾನು ಬರಲ್ಲ ಬಿಡು" ಎಂದಳು ದೊಡ್ಡಕ್ಕ, ಮುಖ ಎತ್ತದೆ.

ಮೂಗಮ್ಮ ನೀರು ಕಾಯಿಸಿದಳು, ಅವಳನ್ನು ಬಚ್ಚಲಿನಲ್ಲಿ ಕೂರಿಸಿ ಸೀಗೆಪುಡಿ ಹಚ್ಚಿ ತಲೆ ತಿಕ್ಕಿದಳು. ಮುದುಕಿಯ ಬೆನ್ನು ಮೊದಲಿಗಿಂತ ತೀರಾ ಸಣ್ಣದಾಗಿತ್ತು. ಮಡಿ ಸೀರೆ ಉಡಿಸಿ, ಕೈ ಹಿಡಿದು ನಡುಮನೆಗೆ ಕರೆದುಕೊಂಡು ಬಂದು ಕೂರಿಸಿ, ಹಿಂದೆ ಕೂತು ಸಿಕ್ಕು ಬಿಡಿಸತೊಡಗಿದಳು.

"ಗದಗಿನ ಗಿರಾಕಿಗಳು ನಿನ್ನೇ ಕೇಳ್ತಾರಕ್ಕ. ಮಂಚ ನಾನು ನೋಡ್ತೀನಿ, ನೀನು ಬಾ ಸುಮ್ಕೆ" ಎಂದಳು.

ದೊಡ್ಡಕ್ಕ ಬಾಚಣಿಗೆ ಆಡಲು ಅನುಕೂಲವಾಗಲೆಂದು ತಲೆಯನ್ನು ಸ್ವಲ್ಪ ಹಿಂದಕ್ಕೆ ಒರಗಿಸಿದಳು.